ನಡೆಯದೇ ಇದ್ದುದರ ನೆನಪು

"ನನ್ನ ಕಣ್ಣಾರೆ ಕಂಡಿದ್ದೇನೆ ಸ್ವಾಮೀ, ಚೆನ್ನಾಗಿ ನೆನಪಿದೆ" ಎಂಬ ಮಾತಿಗೆ ನಮ್ಮ ಜನರಲ್ಲಿರುವ ಬೆಲೆ ಬೇರೆ ಯಾವ ಮಾತಿಗೂ ಇಲ್ಲ. ಹೋಟೆಲಿನ ಗಲ್ಲೆಯ ಮುಂದಾಗಲಿ, ಆಫೀಸಿನ ಹಿರಿಯ ಗುಮಾಸ್ತರ ಮೇಜಿನ ಮುಂದಾಗಲಿ, ಊರಿನ ಪಂಚಾಯತಿಕೆಯ ಜಗಲಿಯ ಮೇಲಾಗಲಿ ಈ ಮಾತು ಹೊರಬಿತ್ತೆಂದರೆ ವಿಚಾರಣೆ ಅಲ್ಲಿಗೆ ಮುಗಿದಂತೆಯೇ. ನೆನಪೆಂಬುದು ಕಿರ್ದಿ ಪುಸ್ತಕದ ಹಾಗೆ, ಒಮ್ಮೆ ಬರೆದುದು ಬರೆದಂತೆಯೇ ಇರುತ್ತದೆ, ಬೇಕಾದಾಗ ಪುಟ ತಿರುವಿ ಓದಿದರಾಯಿತು ಎಂದು ನಾವೆಲ್ಲರೂ ತಿಳಿದಿರುವೆವು. ಮರೆವು ಉಂಟು, ಅದನ್ನು ಒಪ್ಪುತ್ತೇವೆ. ಆದರೆ ನಡೆಯದೇ ಇದ್ದುದು ನಡೆದಂತೆ ನೆನಪಿಗೆ ಬರುವುದು, ಅದೂ ಸುಳ್ಳು ಹೇಳುವ ಉದ್ದೇಶ ಎಳ್ಳಷ್ಟೂ ಇಲ್ಲದ ಪ್ರಾಮಾಣಿಕನಿಗೆ ಬರುವುದು, ನಮ್ಮ ಲೆಕ್ಕದೊಳಗೆ ಸೇರಿಲ್ಲ.

ಈ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ನಮಗೆ ಒಂದು ಸ್ವಂತ ಕಾರಣವಿದೆ. ಅದನ್ನು ಮೊದಲು ಹೇಳಿಬಿಡುವುದು ವಾಚಕರಿಗೆ ತೋರಬೇಕಾದ ಮರ್ಯಾದೆ.

೨೦೦೯ರ ಮಳೆಗಾಲದ ಮಾತು. ಆಗ ನಾವು ಪತ್ರಿಕೆಯವರಲ್ಲ. ಮುಂಬಯಿಯ ಉಪನಗರವೊಂದರಲ್ಲಿ ಇಪ್ಪತ್ತೆರಡು ಮೇಜುಗಳ ಹೋಟೆಲೊಂದರ ಮಾಲಿಕರು. ಹಾಲಿನವನಿಗೆ ಸಲ್ಲಬೇಕಾಗಿದ್ದ ಎಂಟು ಸಾವಿರ ರೂಪಾಯಿಗಳನ್ನು ಒಂದು ಗುಲಾಬಿ ಬಣ್ಣದ ಲಕೋಟೆಯಲ್ಲಿ (ಯಾರದೋ ಮದುವೆಯ ಕರೆಯೋಲೆ ಬಂದಿದ್ದ ಲಕೋಟೆ) ಹಾಕಿ ಗಲ್ಲೆಯ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೆವು. ಸಂಜೆ ನೋಡಲಾಗಿ ಲಕೋಟೆ ಇಲ್ಲ. ಮಧ್ಯಾಹ್ನ ನಾವು ಮುಖ ತೊಳೆಯಲು ಹೋಗಿದ್ದ ಹತ್ತು ನಿಮಿಷ ಗಲ್ಲೆಯ ಬಳಿ ನಿಂತಿದ್ದವನು ಒಬ್ಬನೇ: ಕುಂದಾಪುರದ ಕಡೆಯ ಹತ್ತೊಂಬತ್ತು ವರ್ಷದ ಮಾಣಿ.

ಅವನ ಸ್ವಭಾವವನ್ನು ಎರಡು ಮಾತಿನಲ್ಲಿ ಹೇಳಬೇಕು, ಏಕೆಂದರೆ ಈ ಲೇಖನವೆಲ್ಲ ಅದರ ಸುತ್ತಲೇ ತಿರುಗುತ್ತದೆ. ಹುಡುಗನು ಮೆದು. ಗಿರಾಕಿಯು ತಾನೇ ಚೆಲ್ಲಿದ ಸಾಂಬಾರಿಗೂ "ನನ್ನದೇ ತಪ್ಪು ಸಾರ್" ಎನ್ನುವವನು. ರೇಡಿಯೋದಲ್ಲಿ ಹಾಡು ಬಂತೆಂದರೆ ಕೈಯಲ್ಲಿ ತಟ್ಟೆ ಹಿಡಿದು ನಿಂತಲ್ಲೇ ನಿಂತುಬಿಡುವನು. ಎರಡು ಬಾರಿ ಕೂಗಬೇಕು. ಅಡುಗೆಯವರು ಅವನಿಗೆ ಇಟ್ಟಿದ್ದ ಹೆಸರು 'ಕನಸುಗಾರ'. ಇನ್ನು ನಮ್ಮ ಸ್ವಭಾವ? ಧ್ವನಿ ದೊಡ್ಡದು, ಯಾರ ಬಾಯಿಯಿಂದಲಾದರೂ ಮಾತು ಹೊರಡಿಸಬಲ್ಲೆವೆಂಬ ಗರ್ವ ಅದಕ್ಕಿಂತ ದೊಡ್ಡದು.

ಹೋಟೆಲು ಮುಚ್ಚಿದ ಮೇಲೆ ಮೊದಲ ರಾತ್ರಿ ಕೇಳಿದೆವು. "ಗೊತ್ತಿಲ್ಲ ಅಣ್ಣಾ" ಎಂದ. ಎರಡನೆಯ ರಾತ್ರಿ, "ಗೊತ್ತಿಲ್ಲವೆಂದರೆ ಆಯಿತೇ? ಕಣ್ಣು ಮುಚ್ಚಿ ಯೋಚಿಸು. ಗುಲಾಬಿ ಲಕೋಟೆ. ನೀನು ಖಾನೆ ಎಳೆದಿರಬೇಕು. ಹೊರಗೆ ಮಳೆ ಬರುತ್ತಿತ್ತು" ಎಂದೆವು. "ಎಳೆದಿದ್ದೆನೋ ಏನೋ" ಎಂದ. ಮೂರನೆಯ ರಾತ್ರಿ ಒಂದೂವರೆ ಗಂಟೆಗೆ ಅಳುತ್ತ ಎಲ್ಲವನ್ನೂ ಹೇಳಿದ. ಲಕೋಟೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡದ್ದು, ತರಕಾರಿಯ ಸಿಪ್ಪೆ ಚೆಲ್ಲಲು ಹಿಂದಿನ ಗಲ್ಲಿಗೆ ಹೋದದ್ದು, ಬಗ್ಗಿದಾಗ ಲಕೋಟೆ ಜಾರಿ ಚರಂಡಿಗೆ ಬಿದ್ದು ನೀರಿನಲ್ಲಿ ಹೋದದ್ದು, ಒದ್ದೆಯಾದ ಗುಲಾಬಿ ಬಣ್ಣ ತನ್ನ ಬೆರಳಿಗೆ ಹತ್ತಿದ್ದು. ಆ ಬೆರಳಿನ ಬಣ್ಣದ ಮಾತನ್ನು ಕೇಳಿದಾಗ ನಮಗೆ ಯಾವ ಸಂಶಯವೂ ಉಳಿಯಲಿಲ್ಲ. ಮಾಡದವನು ಹೀಗೆ ಹೇಳಬಲ್ಲನೇ? ನಾವು ಅವನ ಮೇಲೆ ಕೈಮಾಡಲಿಲ್ಲ. ಅದಕ್ಕಾಗಿ ನಮ್ಮನ್ನು ನಾವೇ ಮೆಚ್ಚಿಕೊಂಡೆವು. ಮರುದಿನ ಬಸ್ಸು ಹತ್ತಿಸಿ ಊರಿಗೆ ಕಳುಹಿಸಿದೆವು.

ಹನ್ನೊಂದನೆಯ ದಿನ ಹಾಲಿನವನು ರಸೀದಿ ಪುಸ್ತಕದೊಂದಿಗೆ ಬಂದ. ಅದೇ ತಾರೀಕಿನ ಬೆಳಿಗ್ಗೆ ಎಂಟು ಸಾವಿರ ಸಂದಾಯವಾಗಿತ್ತು; ಕೆಳಗೆ ನಮ್ಮದೇ ರುಜು. ರಬ್ಬರ್ ಸುತ್ತಿದ ಬಿಡಿ ನೋಟುಗಳನ್ನು ನಾವೇ ಅವನ ಕೈಗೆ ಕೊಟ್ಟಿದ್ದೆವು. ಗುಲಾಬಿ ಲಕೋಟೆಯು ಮನೆಯ ಕಪಾಟಿನಲ್ಲಿ ಕರೆಯೋಲೆಯ ಸಮೇತ ಹಾಗೆಯೇ ಇತ್ತು. ಹಿಂದೆಂದೋ ಬೇರೆ ಹಣವನ್ನು ಅಂಥ ಲಕೋಟೆಯಲ್ಲಿಟ್ಟ ನೆನಪು ಈ ದಿನಕ್ಕೆ ಬಂದು ಅಂಟಿಕೊಂಡಿತ್ತೆಂದು ಕಾಣುತ್ತದೆ. ಆದರೆ ರಸೀದಿ ಕಾಣುವವರೆಗೆ, ಆ ಲಕೋಟೆಯನ್ನು ಖಾನೆಗೆ ಇಟ್ಟ ನಮ್ಮ ಕೈ ನಮ್ಮ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿತ್ತೆಂಬುದನ್ನು ವಾಚಕರು ಗಮನಿಸಬೇಕು.

ಕೂಡಲೆ ಊರಿಗೆ ಫೋನು ಮಾಡಿ, ತಪ್ಪು ನಮ್ಮದು, ನೀನು ಕದ್ದಿಲ್ಲ ಎಂದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹುಡುಗನು ಹೇಳಿದ: "ಆದರೆ ಅದು ಬಿದ್ದದ್ದು ನನಗೆ ನೆನಪಿದೆಯಲ್ಲ ಅಣ್ಣಾ!"

ಎಸ್.ಎಸ್.ಎಲ್.ಸಿ.ಯ ಮೆಟ್ಟಲಿನಲ್ಲೇ ನಿಂತ ನಾವು ಮನಶ್ಶಾಸ್ತ್ರದ ಪುಸ್ತಕಗಳನ್ನು ಹುಡುಕಿ ಓದತೊಡಗಿದ್ದು ಆ ಒಂದು ವಾಕ್ಯದ ದೆಸೆಯಿಂದ.

ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಫ್ರೆಡರಿಕ್ ಬಾರ್ಟ್ಲೆಟ್ ಎಂಬ ಪಂಡಿತರು ೧೯೩೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಪ್ರಯೋಗವಿದೆ. ಅಮೇರಿಕೆಯ ಮೂಲನಿವಾಸಿಗಳ ಒಂದು ವಿಚಿತ್ರ ಜಾನಪದ ಕಥೆಯನ್ನು ಆಂಗ್ಲರಿಗೆ ಓದಲು ಕೊಟ್ಟು, ಕೆಲವು ಕಾಲದ ಬಳಿಕ ಹೇಳಿಸಿದರು. ಕೇಳಿದಷ್ಟು ಸಲವೂ ಕಥೆ ಹೇಳುವವರ ಊರಿನದೇ ಆಗುತ್ತ ಹೋಯಿತು. ತಮಗೆ ಅರ್ಥವಾಗದ ಭೂತದ ಮಾತು ಬಿದ್ದುಹೋಯಿತು, ಅವರ ಮರದ ದೋಣಿ ಇವರ ಪರಿಚಯದ ದೋಣಿಯಾಯಿತು. ನೆನೆಯುವುದೆಂದರೆ ಇದ್ದುದನ್ನು ತೆಗೆದು ತೋರಿಸುವುದಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟುವುದು ಎಂದು ಬಾರ್ಟ್ಲೆಟ್ ಹೇಳಿದರು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ನೆನಪು ಗಾಜಿನ ಕಪಾಟಿನಿಂದ ತೆಗೆದು ಕೊಡುವ ಮಿಠಾಯಿಯಲ್ಲ; ಕೇಳಿದಾಗ ಹೊಯ್ಯುವ ದೋಸೆ. ಹಿಟ್ಟು ನಿನ್ನೆಯದು, ಕಾವಲಿಯ ಬಿಸಿ ಇಂದಿನದು.

ಆ ಬಿಸಿ ಯಾವುದು? ಕೇಳುವವನ ಪ್ರಶ್ನೆ. ೧೯೭೪ರಲ್ಲಿ ಅಮೇರಿಕೆಯ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬವರು ವಿದ್ಯಾರ್ಥಿಗಳಿಗೆ ಮೋಟಾರು ಅಪಘಾತದ ಫಿಲ್ಮುಗಳನ್ನು ತೋರಿಸಿ, ಗಾಡಿಗಳ ವೇಗವೆಷ್ಟಿತ್ತೆಂದು ಕೇಳಿದರು. ಒಬ್ಬೊಬ್ಬರಿಗೆ ಒಂದೊಂದು ಕ್ರಿಯಾಪದ. ಗಾಡಿಗಳು 'ತಾಗಿದಾಗ' ಎಂದು ಕೇಳಿಸಿಕೊಂಡವರು ಗಂಟೆಗೆ ಸುಮಾರು ೩೨ ಮೈಲಿ ಎಂದರು. 'ಅಪ್ಪಳಿಸಿದಾಗ' ಎಂದು ಕೇಳಿಸಿಕೊಂಡವರು ಸುಮಾರು ೪೧ ಎಂದರು. ಇನ್ನೊಂದು ಪ್ರಯೋಗದಲ್ಲಿ, ಒಂದು ವಾರದ ನಂತರ ಕರೆದು, ಒಡೆದ ಗಾಜನ್ನು ಕಂಡಿರಾ ಎಂದು ಕೇಳಿದರು. ಫಿಲ್ಮಿನಲ್ಲಿ ಒಡೆದ ಗಾಜೇ ಇರಲಿಲ್ಲ. 'ಅಪ್ಪಳಿಸಿದ' ಪ್ರಶ್ನೆಯನ್ನು ಕೇಳಿದ್ದ ೫೦ ಮಂದಿಯಲ್ಲಿ ೧೬ ಮಂದಿ ಕಂಡೆವೆಂದರು. 'ಬಡಿದ' ಎಂಬ ಮೃದು ಪ್ರಶ್ನೆಯ ೫೦ರಲ್ಲಿ ೭ ಮಂದಿ ಮಾತ್ರ. ಒಂದು ಕ್ರಿಯಾಪದವು ಗಾಜನ್ನು ಒಡೆಯಿತು!

೧೯೯೫ರಲ್ಲಿ ಲಾಫ್ಟಸರೇ ಜಾಕ್ವೆಲಿನ್ ಪಿಕ್‌ರೆಲ್ ಎಂಬವರೊಡನೆ ಇನ್ನೂ ಮುಂದೆ ಹೋದರು. ೨೪ ಮಂದಿಗೆ ಅವರ ಬಾಲ್ಯದ ಮೂರು ನಿಜಸಂಗತಿಗಳ ಜೊತೆಗೆ, ನಾಲ್ಕನೆಯದಾಗಿ ಎಳವೆಯಲ್ಲಿ ದೊಡ್ಡ ಅಂಗಡಿ ಸಂಕೀರ್ಣದಲ್ಲಿ ತಪ್ಪಿಸಿಕೊಂಡು ಅತ್ತ ಕಟ್ಟುಕಥೆಯೊಂದನ್ನು, ಮನೆಯವರು ಹೇಳಿದರೆಂದು ನಂಬಿಸಿ, ಓದಲು ಕೊಟ್ಟರು. ೬ ಮಂದಿ ಅದನ್ನು ಪೂರ್ತಿಯಾಗಿಯೋ ಭಾಗಶಃವೋ 'ನೆನಪಿಸಿಕೊಂಡರು'. ಇಷ್ಟು ಸಣ್ಣ ಸಂಖ್ಯೆಯಿಂದ ಏನು ಸಾಧಿಸಿದಂತಾಯಿತೆಂದು ಆಕ್ಷೇಪಿಸಿದವರೂ ಉಂಟು. ೨೦೨೩ರಲ್ಲಿ ಪ್ರಕಟವಾದ ಮರುಪ್ರಯೋಗವೊಂದರಲ್ಲಿ ೧೨೩ ಮಂದಿಯನ್ನು ತೆಗೆದುಕೊಂಡಾಗ ಶೇಕಡಾ ೩೫ರಷ್ಟು ಮಂದಿಯಲ್ಲಿ ಮಿಥ್ಯಾಸ್ಮೃತಿ ಕಂಡಿತು.

ಇಲ್ಲಿ ನಮ್ಮ ಮುಖ್ಯ ಪ್ರಶ್ನೆ ಏಳುತ್ತದೆ. ನಾಲ್ವರಲ್ಲಿ ಒಬ್ಬನಿಗೆ ಅಥವಾ ಮೂವರಲ್ಲಿ ಒಬ್ಬನಿಗೆ ಇಲ್ಲದ ನೆನಪು ಹುಟ್ಟಿತು, ಸರಿ. ಉಳಿದವರಿಗೆ ಏಕೆ ಹುಟ್ಟಲಿಲ್ಲ? ಅದೇ ಕಥೆ, ಅದೇ ಪ್ರಶ್ನೆ, ಅದೇ ಕೋಣೆ. ಬೇರೆಯಾದುದು ಮನುಷ್ಯ ಮಾತ್ರ.

೧೯೯೮ರಲ್ಲಿ ಐರಾ ಹೈಮನ್ ಮತ್ತು ಜೇಮ್ಸ್ ಬಿಲ್ಲಿಂಗ್ಸ್ ಎಂಬವರು ಇದನ್ನೇ ಪರಿಶೋಧಿಸಿದರು. ಅವರ ಕಟ್ಟುಕಥೆ ಮದುವೆಯ ಮನೆಯದು: ನೀವು ಐದು ವರ್ಷದವರಿದ್ದಾಗ ಓಡಾಡುತ್ತ ಪಾನಕದ ದೊಡ್ಡ ಪಾತ್ರೆಯನ್ನು ಮದುಮಗಳ ತಂದೆತಾಯಿಗಳ ಮೇಲೆ ಚೆಲ್ಲಿದಿರಿ. ಸುಮಾರು ನಾಲ್ಕರಲ್ಲೊಂದು ಪಾಲು ವಿದ್ಯಾರ್ಥಿಗಳು ಈ ಚೆಲ್ಲದ ಪಾನಕವನ್ನು ನೆನಪಿಸಿಕೊಂಡರು. ಜೊತೆಗೆ ಪ್ರತಿಯೊಬ್ಬರ ಸ್ವಭಾವವನ್ನೂ ಅಳೆದಿದ್ದರು. ಎರಡು ಗುಣಗಳು ಎದ್ದು ಕಂಡವು. ಒಂದು, ಕಲ್ಪನೆಯ ಚುರುಕು: ಹೇಳಿದ ದೃಶ್ಯವನ್ನು ಕಣ್ಣಿಗೆ ಕಟ್ಟಿದಂತೆ ಕಾಣಬಲ್ಲ ಶಕ್ತಿ. ಎರಡನೆಯದಕ್ಕೆ ಕನ್ನಡದಲ್ಲಿ ಮೈಮರೆವು ಎನ್ನಬಹುದೇನೋ: ಮನಸ್ಸು ಇದ್ದಲ್ಲಿಂದ ಕಳಚಿಕೊಂಡು ಬೇರೆಡೆಗೆ ಜಾರುವ ಸ್ವಭಾವ. ಇದನ್ನು ಅಳೆಯುವ ಪ್ರಶ್ನಾವಳಿಯನ್ನು ಓದಿದಾಗ ನಮಗೆ ನಗು ಬಂತು. ದಾರಿಯಲ್ಲಿ ಬಂದುದರ ಒಂದು ಭಾಗವೇ ನಿಮಗೆ ನೆನಪಿಲ್ಲದಿರುವುದುಂಟೇ? ಕಾಗದವನ್ನು ನಿಜವಾಗಿ ಅಂಚೆಗೆ ಹಾಕಿದಿರೋ, ಹಾಕಬೇಕೆಂದು ಯೋಚಿಸಿದಿರೋ ಎಂಬ ಗೊಂದಲ ಆಗುವುದುಂಟೇ? ಲೋಕಲ್ ರೈಲಿನಲ್ಲಿ ಬೊರಿವಲಿಯಿಂದ ಚರ್ಚ್‌ಗೇಟಿಗೆ ನಿಂತೇ ಬರುವ ನಮ್ಮ ಗುಮಾಸ್ತ ಬಂಧುಗಳಲ್ಲಿ ಇದಕ್ಕೆ 'ಇಲ್ಲ' ಎನ್ನುವವರು ಎಷ್ಟು ಮಂದಿ!

ಕಲ್ಪನೆಗೂ ಮಿಥ್ಯಾಸ್ಮೃತಿಗೂ ಈ ಸಂಬಂಧ ಏಕೆಂಬುದನ್ನು ಮಾರ್ಷಿಯಾ ಜಾನ್ಸನ್ ಮುಂತಾದವರ ವಿವರಣೆ ಚೆನ್ನಾಗಿ ತಿಳಿಸುತ್ತದೆ. ಮನಸ್ಸಿನಲ್ಲಿ ಏಳುವ ಚಿತ್ರಗಳ ಮೇಲೆ 'ಇದು ನಡೆದದ್ದು', 'ಇದು ಊಹಿಸಿದ್ದು' ಎಂಬ ಚೀಟಿ ಅಂಟಿಸಿರುವುದಿಲ್ಲ. ಚಿತ್ರವನ್ನು ನೋಡಿ ನಾವೇ ನಿರ್ಣಯಿಸಿಕೊಳ್ಳಬೇಕು. ಬಣ್ಣ, ಧ್ವನಿ, ಸ್ಪರ್ಶ, ಜಾಗ ಇವು ತುಂಬಿದ್ದರೆ ನಡೆದದ್ದು ಎನ್ನುತ್ತೇವೆ. ಚಿತ್ರ ಪೇಲವವಾಗಿದ್ದರೆ ಊಹೆ ಎನ್ನುತ್ತೇವೆ. ಸಾಮಾನ್ಯವಾಗಿ ಈ ನಿರ್ಣಯ ಸರಿಯಾಗಿಯೇ ಇರುತ್ತದೆ. ಆದರೆ ಯಾರ ಊಹೆಯೇ ಬಣ್ಣದಿಂದ ತುಂಬಿರುತ್ತದೆಯೋ ಅಂಥವನಿಗೆ ಊಹೆಯೂ ನೆನಪಿನ ವೇಷದಲ್ಲೇ ಬರುತ್ತದೆ. ಹುಡುಗನ ಬೆರಳಿನ ಗುಲಾಬಿ ಬಣ್ಣ ನಮಗೆ ಸತ್ಯದ ಮುದ್ರೆಯಾಗಿ ಕಂಡಿತ್ತು. ಅವನಿಗೂ ಹಾಗೆಯೇ ಕಂಡಿರಬೇಕು. "ಕಣ್ಣು ಮುಚ್ಚಿ ಯೋಚಿಸು" ಎಂದು ಮೂರು ರಾತ್ರಿ ಹೇಳಿದವರು ಯಾರು?

ಇನ್ನು ಹೇಳುವ ಸಂಗತಿ ನಮ್ಮನ್ನು ನೇರವಾಗಿ ಚುಚ್ಚಿದ್ದು. ಕೆನಡಾದ ಸ್ಟೀಫನ್ ಪೋರ್ಟರ್ ಮತ್ತು ಸಂಗಡಿಗರು ೨೦೦೦ದಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಹೇಳುವವರ ಸ್ವಭಾವವನ್ನು ಮಾತ್ರವಲ್ಲ, ಕೇಳುವವರ ಸ್ವಭಾವವನ್ನೂ ಅಳೆದಿದ್ದರು. ಮಿಥ್ಯಾಸ್ಮೃತಿಗೆ ಒಳಗಾದವರಲ್ಲಿ ಮೈಮರೆವು ಹೆಚ್ಚು. ಜನರ ನಡುವೆ ಮುಂದಾಗಿ ಮಾತನಾಡುವ ಬಹಿರ್ಮುಖತೆ ಕಡಿಮೆ. ಆದರೆ ಇಲ್ಲದ ನೆನಪನ್ನು ಹೆಚ್ಚು ಯಶಸ್ವಿಯಾಗಿ ಹುಟ್ಟಿಸಿದ ಪ್ರಶ್ನಕಾರರು ಬಹಿರ್ಮುಖಿಗಳು. ಅಂದರೆ ಮಿಥ್ಯಾಸ್ಮೃತಿಯು ಒಬ್ಬನ ತಲೆಯೊಳಗಿನ ದೋಷವಲ್ಲ, ಇಬ್ಬರ ನಡುವೆ ಕುದುರಿದ ವ್ಯಾಪಾರ. ಸಂಕೋಚದ ಮೆದುಮಾತಿನವನ ಎದುರಿಗೆ ಮಾತಿನ ಮಲ್ಲನೊಬ್ಬನನ್ನು ಕೂರಿಸಿದರೆ ಆ ವ್ಯಾಪಾರ ಬೇಗ ಕುದುರುತ್ತದೆ. ಗಲ್ಲೆಯ ಮೇಲೆ ಕೂತವನು ಮೆದುಮಾತಿನವನಾಗಿರುವುದು, ತಟ್ಟೆ ಎತ್ತುವವನು ಮಾತಿನ ಮಲ್ಲನಾಗಿರುವುದು ನಾವು ಕಂಡ ಮಟ್ಟಿಗೆ ಅಪರೂಪ.

ಮಾಲಿಕನ ವಿಚಾರಣೆ ಇಷ್ಟು ಮಾಡಬಲ್ಲುದಾದರೆ ಪೋಲೀಸರ ವಿಚಾರಣೆ ಏನು ಮಾಡೀತು? ಐಸ್‌ಲ್ಯಾಂಡ್ ಎಂಬ ದ್ವೀಪರಾಷ್ಟ್ರದ ಒಂದು ಮೊಕದ್ದಮೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಆಗ ಆ ದೇಶದ ಜನಸಂಖ್ಯೆ ಎರಡು ಲಕ್ಷದ ಆಸುಪಾಸು. ಕೊಲೆಯೆಂಬುದು ಅಪರೂಪದ ಸಂಗತಿ. ೧೯೭೪ರ ಜನವರಿಯಲ್ಲಿ ಗುಡ್‌ಮುಂಡೂರ್ ಎಂಬ ೧೮ ವರ್ಷದ ತರುಣನು ರಾತ್ರಿ ನೃತ್ಯಕೂಟದಿಂದ ಮನೆಗೆ ಹೊರಟವನು ಮನೆ ಸೇರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಗೇರ್‌ಫಿನ್ನೂರ್ ಎಂಬ ೩೨ ವರ್ಷದ ಗೃಹಸ್ಥನು ಬೇರೊಂದು ಊರಿನಿಂದ ಕಾಣೆಯಾದನು. ಇಬ್ಬರಿಗೂ ಸಂಬಂಧವಿಲ್ಲ, ಶವಗಳು ಸಿಗಲಿಲ್ಲ. ೧೯೭೫ರ ಡಿಸೆಂಬರಿನಲ್ಲಿ ಬೇರೆ ಹಣಕಾಸಿನ ಮೋಸದ ಬಾಬ್ತು ಹಿಡಿದ ಒಬ್ಬ ಯುವತಿಯನ್ನು, ಎಳೆಗೂಸಿನ ತಾಯಿಯನ್ನು, ಪೋಲೀಸರು ಈ ವಿಷಯ ಕೇಳತೊಡಗಿದರು. ಗುಡ್‌ಮುಂಡೂರ್ ಕಾಣೆಯಾದ ರಾತ್ರಿ ತನಗೊಂದು ಕೆಟ್ಟ ಕನಸು ಬಿದ್ದಿತ್ತು, ಕಿಟಕಿಯ ಹೊರಗೆ ಯಾರೋ ಪಿಸುಗುಟ್ಟಿದಂತೆ ಎಂದಳು ಆಕೆ. ಅದು ಕನಸಲ್ಲ, ಕಂಡುದನ್ನು ಮನಸ್ಸು ಅದುಮಿಟ್ಟಿದೆ ಎಂದರು ವಿಚಾರಣೆಯವರು. ಅಲ್ಲಿಂದ ಆರು ಮಂದಿ ಸಿಲುಕಿದರು. ಒಂಟಿ ಕೋಣೆಯ ಸೆರೆ. ಕೆಲವರಿಗೆ ಒಂದು ವರ್ಷವನ್ನೂ ಮೀರಿದ ಒಂಟಿ ಸೆರೆ. ನೂರಾರು ಗಂಟೆಗಳ ಪ್ರಶ್ನೆ. ಕೊನೆಗೆ ಒಪ್ಪಿಕೊಂಡರು. ತಾವು ಮಾಡಿರಲೇಬೇಕು, ಹೇಗೆಂದು ನೆನಪಾಗುತ್ತಿಲ್ಲವಷ್ಟೆ ಎಂದು ನಂಬುವ ಸ್ಥಿತಿಗೆ ಅವರಲ್ಲಿ ಕೆಲವರು ಬಂದಿದ್ದರು. ೧೯೮೦ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಖಾಯಂ ಮಾಡಿತು.

ರೇಕ್ಯಾವಿಕ್ ನಗರದಲ್ಲಿ ಎಳೆಯ ಪತ್ತೇದಾರನಾಗಿದ್ದು, ಮುಂದೆ ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞನಾದ ಗಿಸ್ಲಿ ಗುಡ್‌ಜಾನ್ಸನ್ ಎಂಬವರ ಹೆಸರು ಇಲ್ಲಿ ಬರುತ್ತದೆ. ಇವರು ಮತ್ತು ಜೇಮ್ಸ್ ಮೆಕ್ಕೀತ್ ಎಂಬ ವೈದ್ಯರು ೧೯೮೨ರಲ್ಲಿ ಈ ಸ್ಥಿತಿಗೆ ಒಂದು ಹೆಸರನ್ನೇ ಕೊಟ್ಟರು: ಸ್ವಂತ ಸ್ಮೃತಿಯಲ್ಲಿ ಅಪನಂಬಿಕೆ. ತನ್ನ ನೆನಪಿಗಿಂತ ಎದುರಿನವನ ಮಾತೇ ಹೆಚ್ಚು ವಿಶ್ವಾಸಾರ್ಹ ಎಂದು ಮನುಷ್ಯನಿಗೆ ತೋರತೊಡಗಿದರೆ, ಆಮೇಲೆ ಅವನು ಖಾಲಿ ಜಾಗವನ್ನು ಎದುರಿನವನ ಮಾತಿನಿಂದ ತುಂಬಿಸಿಕೊಳ್ಳುತ್ತಾನೆ. ೧೯೮೪ರಲ್ಲಿ ಇವರು ಪ್ರಕಟಿಸಿದ ಅಳತೆಗೋಲು ಸರಳವಾದುದು. ಒಂದು ಸಣ್ಣ ಕಥೆ ಓದಿ ಹೇಳುತ್ತಾರೆ. ೨೦ ಪ್ರಶ್ನೆ ಕೇಳುತ್ತಾರೆ. ಅದರಲ್ಲಿ ೧೫ ದಾರಿತಪ್ಪಿಸುವಂಥವು. ಬಳಿಕ ಗಂಭೀರವಾಗಿ, ನಿನ್ನ ಉತ್ತರದಲ್ಲಿ ಹಲವು ತಪ್ಪುಗಳಿವೆ, ಮತ್ತೊಮ್ಮೆ ಸರಿಯಾಗಿ ಹೇಳು ಎಂದು ಪುನಃ ಕೇಳುತ್ತಾರೆ. ದಾರಿತಪ್ಪಿಸುವ ಪ್ರಶ್ನೆಗೆ ಎಷ್ಟು ಬಾರಿ ಬಗ್ಗಿದ, ಗದರಿಕೆಯ ನಂತರ ಎಷ್ಟು ಉತ್ತರ ಬದಲಿಸಿದ ಎಂಬೆರಡನ್ನೂ ಎಣಿಸುತ್ತಾರೆ. ಆತ್ಮಗೌರವ ಕುಂದಿದವರು, ಆತಂಕದ ಸ್ವಭಾವದವರು ಹೆಚ್ಚು ಬಗ್ಗುವುದು ಕಂಡುಬಂದಿದೆ. ೧೯೭೪ರ ಬಾಂಬು ಸ್ಫೋಟದ ಆರೋಪದಲ್ಲಿ ನಿರಪರಾಧಿಗಳಾಗಿಯೂ ಸೆರೆ ಸೇರಿ ೧೯೯೧ರಲ್ಲಿ ಬಿಡುಗಡೆಯಾದ ಬರ್ಮಿಂಗ್‌ಹ್ಯಾಮಿನ ಆರು ಮಂದಿಯಲ್ಲಿ ನಾಲ್ವರು ಪೋಲೀಸರ ಮುಂದೆ ತಪ್ಪೊಪ್ಪಿಗೆಗೆ ರುಜು ಹಾಕಿದ್ದರು, ಇಬ್ಬರು ಹಾಕಿರಲಿಲ್ಲ. ೧೯೮೭ರಲ್ಲಿ ಈ ಗೋಲಿನಿಂದ ಅಳೆದಾಗ, ರುಜು ಹಾಕದ ಇಬ್ಬರೇ ಅತ್ಯಂತ ಕಡಿಮೆ ಬಗ್ಗುವವರೆಂದು ಕಂಡಿತು.

ಐಸ್‌ಲ್ಯಾಂಡಿನ ಬಂದಿಯೊಬ್ಬನು ಸೆರೆಯಲ್ಲಿ ಬರೆದಿಟ್ಟ ದಿನಚರಿಗಳು ೨೦೧೧ರಲ್ಲಿ ಹೊರಬಂದವು. ಸರಕಾರವು ನೇಮಿಸಿದ ಮರುಪರಿಶೀಲನಾ ಮಂಡಳಿಯ ಕೆಲಸದಲ್ಲಿ ಗುಡ್‌ಜಾನ್ಸನ್ನರೂ ಪಾಲುಗೊಂಡಿದ್ದರು. ಆ ಹೇಳಿಕೆಗಳು ನಂಬಲರ್ಹವಲ್ಲವೆಂದು ೨೦೧೩ರಲ್ಲಿ ವರದಿಯಾಯಿತು. ೨೦೧೮ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಐವರು ಗಂಡಸರನ್ನೂ ಆ ಸಾವುಗಳ ಆರೋಪದಿಂದ ಮುಕ್ತಗೊಳಿಸಿತು. ಅಷ್ಟರಲ್ಲಿ ಅವರಲ್ಲಿ ಇಬ್ಬರು ತೀರಿಹೋಗಿದ್ದರು. ಆ ಯುವತಿಗೆ, ಇತರರ ಮೇಲೆ ಸುಳ್ಳು ಆಪಾದನೆ ಮಾಡಿದ್ದಕ್ಕಾಗಿ ವಿಧಿಸಿದ್ದ ಶಿಕ್ಷೆ ಆ ತೀರ್ಪಿನಲ್ಲಿಯೂ ಹಾಗೆಯೇ ಉಳಿಯಿತು.

ಇಷ್ಟು ಓದಿದ ಮೇಲೆ, ಹಾಗಾದರೆ ದುರ್ಬಲ ಮನಸ್ಸಿನವರಿಗೆ ಮಾತ್ರ ಹೀಗಾಗುತ್ತದೆ, ನಮಗಲ್ಲ ಎಂದು ಯಾರಾದರೂ ಸಮಾಧಾನಪಟ್ಟುಕೊಂಡರೆ ಅವರಿಗಾಗಿ ಇನ್ನೆರಡು ಸಂಗತಿಗಳಿವೆ. ಚೀನಾದಲ್ಲಿ ನಾನೂರಕ್ಕೂ ಮಿಕ್ಕಿದ ಕಾಲೇಜು ವಿದ್ಯಾರ್ಥಿಗಳನ್ನು ಪರೀಕ್ಷಿಸಿ ೨೦೧೦ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ತಪ್ಪು ಮಾಹಿತಿಗೆ ಒಳಗಾಗುವ ಸ್ವಭಾವಗಳ ಪಟ್ಟಿಯಲ್ಲಿ ಸಹಕಾರಬುದ್ಧಿಯೂ ಇತ್ತು! ಎಲ್ಲರೊಡನೆ ಹೊಂದಿಕೊಂಡು ಹೋಗುವವನು, ಪರರು ಏನೆಂದುಕೊಂಡಾರೋ ಎಂಬ ಭಯ ಕಡಿಮೆ ಇರುವವನು ಕೂಡ, ವಿಶೇಷವಾಗಿ ಬುದ್ಧಿಪರೀಕ್ಷೆಗಳಲ್ಲಿ ಹಿಂದಿದ್ದಾಗ, ಹೆಚ್ಚು ಒಳಗಾಗುತ್ತಿದ್ದನು. ಅಳುಕಿನವನು ಎದುರಿನವನ ಪ್ರತಿ ಮಾತನ್ನೂ ತೂಗಿ ನೋಡುತ್ತಿರಬಹುದು, ನಿಶ್ಚಿಂತನು ಸುಮ್ಮನೆ ನಂಬುತ್ತಿರಬಹುದು ಎಂಬುದು ನಮ್ಮ ಊಹೆ. ಐಸ್‌ಲ್ಯಾಂಡಿನವರ ಅಳತೆಯೊಡನೆ ಇದನ್ನಿಟ್ಟು ನೋಡಿದರೆ ಒಂದಕ್ಕೊಂದು ಹೊಂದುವುದಿಲ್ಲವಲ್ಲ ಎನ್ನಬಹುದು. ಹೊಂದುವುದಿಲ್ಲ, ನಿಜ. ಗದರಿಸಿ ಕೇಳುವುದು ಬೇರೆ, ಮೆಲ್ಲನೆ ತಪ್ಪು ಸುದ್ದಿಯನ್ನು ತುರುಕುವುದು ಬೇರೆ. ಒಂದು ಬಾಗಿಲಿನಲ್ಲಿ ಕಾವಲಾದ ಗುಣ ಇನ್ನೊಂದು ಬಾಗಿಲಿನಲ್ಲಿ ಕಾವಲಾಗುವುದಿಲ್ಲ. ಒಂದು ಬಗೆಯ ಮಿಥ್ಯಾಸ್ಮೃತಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವನು ಇನ್ನೊಂದರಲ್ಲಿಯೂ ಸಿಕ್ಕಿಬೀಳುವನೆಂದು ಹೇಳಲಾಗದೆಂದು ಲಾರೆನ್ಸ್ ಪಟಿಹಿಸ್ ಎಂಬವರೂ ಲಾಫ್ಟಸರೂ ಇತರರೊಡನೆ ೨೦೧೮ರಲ್ಲಿ ತೋರಿಸಿದ್ದಾರೆ. ಹಿಂದೆ ೨೦೧೩ರಲ್ಲಿ ಇದೇ ತಂಡವು, ಹತ್ತಾರು ವರ್ಷಗಳ ಹಿಂದಿನ ಯಾವ ತಾರೀಕು ಹೇಳಿದರೂ ಅಂದು ತಾವು ಏನು ಮಾಡಿದೆವೆಂದು ಹೇಳಬಲ್ಲ ೨೦ ಅಸಾಧಾರಣ ಸ್ಮೃತಿಶಾಲಿಗಳನ್ನು ಪರೀಕ್ಷಿಸಿತ್ತು. ಅವರೂ ನಮ್ಮ ನಿಮ್ಮಂತೆಯೇ ಇಲ್ಲದ್ದನ್ನು ನೆನಪಿಸಿಕೊಂಡರು.

ಆದುದರಿಂದ ಸ್ವಭಾವಕ್ಕೂ ಮಿಥ್ಯಾಸ್ಮೃತಿಗೂ ಸಂಬಂಧವಿದೆ, ಆದರೆ ಅದು ಸಡಿಲವಾದ ಸಂಬಂಧ. ಹುಡುಗನು ಕನಸುಗಾರನಾಗಿದ್ದರಿಂದಲೇ ಹೀಗಾಯಿತೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಕನಸುಗಾರನಲ್ಲದ ಮಾಲಿಕನಿಗೂ ಲಕೋಟೆ ಕಂಡಿತ್ತಲ್ಲ!

ನಿದ್ರೆಯ ಮಾತೊಂದನ್ನು ನಮ್ಮ ಹೋಟೆಲಿನ ಬಂಧುಗಳಿಗಾಗಿ ಸೇರಿಸುತ್ತೇವೆ. ೨೦೧೬ರಲ್ಲಿ ಅಮೇರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕಂಪ್ಯೂಟರಿನ ಒತ್ತಬಾರದ ಗುಂಡಿಯನ್ನು ಒತ್ತಿದೆವೆಂಬ ಸುಳ್ಳು ಹೇಳಿಕೆಗೆ ರುಜು ಹಾಕಲು ಕೇಳಲಾಯಿತು. ನಿದ್ರಿಸಿ ಎದ್ದವರಲ್ಲಿ ಶೇಕಡಾ ೧೮ ಮಂದಿ ಮೊದಲ ಸಲಕ್ಕೇ ಹಾಕಿದರು; ರಾತ್ರಿಯಿಡೀ ಎಚ್ಚರವಿದ್ದವರಲ್ಲಿ ಶೇಕಡಾ ೫೦. ತಪ್ಪೊಪ್ಪಿಗೆ ಬೇರೆ, ಮ���ಥ್ಯಾಸ್ಮೃತಿ ಬೇರೆ ಎಂಬುದು ನಿಜ. ಆದರೆ ಬೆಳಗಿನ ಐದಕ್ಕೆ ಇಡ್ಲಿಯ ಒಲೆ ಹಚ್ಚುವವನನ್ನು ರಾತ್ರಿ ಒಂದಕ್ಕೆ ವಿಚಾರಿಸುವ ಪದ್ಧತಿಯನ್ನು ನಾವು ಆಚರಿಸಿದ್ದೆವು. ಆಚರಿಸುವವರು ಇನ್ನೂ ಇದ್ದಾರೆ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಕುರುಡಾಗಿಲ್ಲ. ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವಂತಿಲ್ಲವೆಂದು ೧೮೭೨ರ ಸಾಕ್ಷ್ಯ ಕಾಯಿದೆಯೇ ಹೇಳಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಉತ್ತರವನ್ನು ಬಾಯಿಗೆ ಇಡುವಂಥ ಸೂಚಕ ಪ್ರಶ್ನೆಗಳಿಗೆ, ಎದುರು ಪಕ್ಷವು ಆಕ್ಷೇಪಿಸಿದರೆ, ಮುಖ್ಯ ವಿಚಾರಣೆಯಲ್ಲಿ ನ್ಯಾಯಾಲಯದ ಅಪ್ಪಣೆ ಬೇಕು. ಮದ್ದು ಚುಚ್ಚಿ ಮಾತನಾಡಿಸುವ ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಮಾಡಕೂಡದೆಂದು ಸುಪ್ರೀಂ ಕೋರ್ಟು ೨೦೧೦ರ ಮೇ ೫ರಂದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಎಂಬ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಆ ಮಂಪರಿನಲ್ಲಿ ಮನುಷ್ಯನು ಕೇಳುವವರ ಸೂಚನೆಗೆ ಒಳಗಾಗಬಲ್ಲನೆಂಬುದೂ ಅಲ್ಲಿ ಚರ್ಚೆಗೆ ಬಂದಿತ್ತು. ಆದರೆ ಈ ಯಾವ ಕಾಯಿದೆಯೂ ಹೋಟೆಲಿನ ಅಡುಗೆಕೋಣೆಯ ಬಾಗಿಲು ದಾಟಿ ಒಳಗೆ ಬರುವುದಿಲ್ಲ. ಅಲ್ಲಿ ಮಾಲಿಕನೇ ಪೋಲೀಸು, ಮಾಲಿಕನೇ ನ್ಯಾಯಾಧೀಶ. ಕಡತ ಕಾಣೆಯಾದ ಆಫೀಸಿನಲ್ಲಿಯೂ ಸ್ಥಿತಿ ಬಹಳ ಬೇರೆಯಲ್ಲ ಎಂದು ಗುಮಾಸ್ತ ಮಿತ್ರರು ಹೇಳುತ್ತಾರೆ.

ಪ್ರಶ್ನೆ ಕೇಳುವ ಗಳಿಗೆ ಬಂದೇ ಬರುತ್ತದೆ. ಹಣ ಕಾಣೆಯಾದರೆ ಕೇಳದೆ ಇರಲಾಗದು. "ಆ ಹತ್ತು ನಿಮಿಷ ಏನೇನು ನಡೆಯಿತು, ನೀನೇ ಹೇಳು" ಎಂದು ಕೇಳಿ ಬಾಯಿ ಮುಚ್ಚಿಕೊಳ್ಳಬಹುದು. ಲಕೋಟೆಯ ಬಣ್ಣವನ್ನು ನಾವೇ ಹೇಳಿಕೊಡದೆ ಇರಬಹುದು. 'ಗೊತ್ತಿಲ್ಲ' ಎಂಬುದನ್ನೂ ಒಂದು ಉತ್ತರವೆಂದು ಬರೆದುಕೊಳ್ಳಬಹುದು. ಉತ್ತರಿಸುವವನಿಗಾದರೆ ನಾವು ಹೇಳುವುದು ಒಂದೇ: ಮೊದಲನೆಯ ದಿನವೇ, ಎರಡನೆಯ ಸಲ ಯಾರೂ ಕೇಳುವ ಮುನ್ನ, ನೆನಪಿದ್ದಷ್ಟನ್ನು ತಾರೀಕು ಹಾಕಿ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ರಾತ್ರಿಶಾಲೆಯಲ್ಲಿ ಕಲಿತ ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ನಮಗೆ ತೋರುವುದಿಲ್ಲ. ಮೂರನೆಯ ರಾತ್ರಿ ನಿಮ್ಮ ಪರವಾಗಿ ಮಾತನಾಡುವುದು ಆ ಕಾಗದ ಮಾತ್ರ.

ಹುಡುಗನು ಮರಳಿ ಮುಂಬಯಿಗೆ ಬರಲಿಲ್ಲ. ಉಳಿದ ಸಂಬಳವನ್ನೂ ಕ್ಷಮಾಪಣೆಯ ಕಾಗದವನ್ನೂ ಕಳುಹಿಸಿದ್ದೆವು. ಅಷ್ಟರಿಂದ ಆಗಲಿಲ್ಲ. ಮುಂಬಯಿಯಲ್ಲಿ ಗಲ್ಲೆಗೆ ಕೈಹಾಕಿ ಬಂದನಂತೆ ಎಂಬ ಮಾತು ಅವನಿಗಿಂತ ಮುಂಚೆಯೇ ಊರು ಸೇರಿತ್ತು. ನವರಾತ್ರಿಯ ಬಳಿಕ ನಾವೇ ಹೋಗಿ, ಅವನ ತಂದೆಯ ಮುಂದೆ ರಸೀದಿಯನ್ನಿಟ್ಟು ಎಲ್ಲವನ್ನೂ ವಿವರಿಸಿದೆವು. ಮುದುಕರು ರಸೀದಿಯನ್ನು ಎರಡು ಬಾರಿ ನೋಡಿ, ನಮ್ಮನ್ನು ನೋಡಿ, "ಆದರೆ ಅವನೇ ಒಪ್ಪಿದ್ದಾನಲ್ಲ?" ಎಂದರು. ಅದಕ್ಕೆ ಕೊಡತಕ್ಕ ಉತ್ತರ ಅಂದು ನಮ್ಮ ಬಳಿ ಇರಲಿಲ್ಲ.

೨೦೧೯ರಲ್ಲಿ ಬೈಂದೂರಿನ ರೈಲು ನಿಲ್ದಾಣದಲ್ಲಿ ಅವನೇ ನಮ್ಮನ್ನು ಗುರುತಿಸಿ ಮಾತನಾಡಿಸಿದ. ಊರಿನಲ್ಲಿ ಚಹದ ಅಂಗಡಿ ಇಟ್ಟಿದ್ದಾನೆ, ಮದುವೆಯಾಗಿದೆ. ತಂದೆ ಕೊನೆಗೆ ಮಾತು ಬಿಟ್ಟಿರಲಿಲ್ಲವಂತೆ. ನಾವು ಹಳೆಯ ಮಾತು ತೆಗೆಯಲೋ ಬೇಡವೋ ಎಂದಿರುವಾಗ ಅವನೇ ತೆಗೆದ. "ಹಣ ಹಾಲಿನವನಿಗೆ ಹೋಗಿತ್ತೆಂದು ನನಗೆ ಗೊತ್ತು ಅಣ್ಣಾ. ರಸೀದಿಯನ್ನು ನಾನೂ ನೋಡಿದ್ದೇನೆ. ಆದರೆ ಜೋರು ಮಳೆ ಬಂತೆಂದರೆ ಆ ಲಕೋಟೆ ಚರಂಡಿಯಲ್ಲಿ ಹೋಗುವುದು ಈಗಲೂ ಕಾಣುತ್ತದೆ" ಎಂದು ನಕ್ಕ. ಗಾಡಿ ಬಂತು. ನಮ್ಮ ಚೀಲವನ್ನು ಎತ್ತಿ ಒಳಗಿಟ್ಟು ಕೆಳಗಿಳಿದವನು, ಬೆರಳುಗಳನ್ನು ಅಂಗಿಯ ಅಂಚಿಗೆ ಒರೆಸಿಕೊಳ್ಳುತ್ತ ನಿಂತಿದ್ದ.